ನಿವೃತ್ತ ಪೊಲೀಸ್ ನಾಯಿಯ ಖರ್ಚು ಯಾರದು?

ಆತ್ಮೀಯ ಸದಸ್ಯರೇ,

ಪೊಲೀಸ್ ನಾಯಿ ಅಂದ ಕೂಡಲೇ ನೆನಪಾಗುವುದು ಓಡುವ ಕಳ್ಳನ ತೋಳಿಗೆ ಬಾಯಿ ಹಾಕುವ ದೃಶ್ಯ. ಪ್ರದರ್ಶನಗಳಲ್ಲಿ ಮಕ್ಕಳು ಚಪ್ಪಾಳೆ ತಟ್ಟುವುದೂ ಅದಕ್ಕೇ. ಆದರೆ ಅದರ ದುಡಿಮೆಯಲ್ಲಿ ಹಲ್ಲಿಗಿಂತ ಮೂಗಿನ ಪಾಲೇ ಜಾಸ್ತಿ. ಮರೆವಿನ ಕಾಯಿಲೆ ಇರುವ ಹಿರಿಯರು ದಾರಿ ತಪ್ಪಿದಾಗ, ಮಗು ಕಾಣೆಯಾದಾಗ, ಬಾಂಬ್ ಬೆದರಿಕೆ ಬಂದಾಗ ಎಲ್ಲರೂ ನಂಬುವುದು ಆ ಮೂಗನ್ನೇ.

ವಾಸನೆ ಹಿಡಿಯುವ ಗ್ರಾಹಕಗಳು ನಮ್ಮ ಮೂಗಿನಲ್ಲಿ ಸುಮಾರು 60 ಲಕ್ಷ. ನಾಯಿಯ ಮೂಗಿನಲ್ಲಿ 30 ಕೋಟಿಯವರೆಗೂ ಇರಬಹುದು. ಆದರೆ ಮೂಗೊಂದಿದ್ದರೆ ಸಾಲದು, ಅದು ಹೇಳಿದ್ದನ್ನು ತಿಳಿಯುವವರು ಬೇಕು. ಸ್ಫೋಟಕದ ವಾಸನೆ ಸಿಕ್ಕರೆ ನಾಯಿ ಬೊಗಳುವುದಿಲ್ಲ, ಕೆರೆಯುವುದಿಲ್ಲ. ಸುಮ್ನೆ ಕೂತುಬಿಡುತ್ತದೆ. ಅದಕ್ಕೂ ಮುಂಚೆ ಉಸಿರಾಟ ಬದಲಾಗಿರುತ್ತದೆ, ತಲೆ ತಟ್ಟನೆ ತಿರುಗಿರುತ್ತದೆ. ಅದನ್ನು ಗಮನಿಸುವುದೇ ಹ್ಯಾಂಡ್ಲರ್, ಅಂದರೆ ನಾಯಿಯ ಜೊತೆಗಿದ್ದು ಅದನ್ನು ನಡೆಸುವ ಪೊಲೀಸರ ಕೆಲಸ. ಬಿಸಿಲಿಗೆ ನಾಯಿ ನಾಲಿಗೆ ಚಾಚಿ ತೇಕುತ್ತಿದ್ದರೆ ಸರಿಯಾಗಿ ಮೂಸಲಾಗದು. ಆಗ ಕೆಲಸ ನಿಲ್ಲಿಸಿ ನೆರಳಿಗೆ ಕರೆದೊಯ್ಯಬೇಕು.

ಇನ್ನೊಂದು ಸೂಕ್ಷ್ಮವಿದೆ. 'ಇಲ್ಲೇ ಏನೋ ಇದೆ' ಎಂದು ಹ್ಯಾಂಡ್ಲರ್ ಮೊದಲೇ ನಂಬಿಬಿಟ್ಟರೆ ಆತನ ನಿಲುವು, ನಡಿಗೆ ನೋಡಿಯೇ ನಾಯಿ ಏನೂ ಇಲ್ಲದ ಕಡೆ ಕೂರಬಹುದು. ತಪ್ಪು ಮಾಡದವರ ಕಾರು, ಚೀಲ ತಪಾಸಣೆಗೆ ಒಳಗಾಗಬಹುದು. ಅದಕ್ಕೇ ಒಳ್ಳೆಯ ತರಬೇತಿಯಲ್ಲಿ ವಸ್ತು ಎಲ್ಲಿ ಬಚ್ಚಿಟ್ಟಿದೆ ಎಂದು ಹ್ಯಾಂಡ್ಲರ್‌ಗೂ ಹೇಳುವುದಿಲ್ಲ. ಈ ಶಿಸ್ತಿಲ್ಲದ ಶ್ವಾನದಳವನ್ನು ನಾನಂತೂ ನಂಬಲಾರೆ.

ಇಷ್ಟು ಹತ್ತಿರದ ಜೋಡಿಯನ್ನು ಕಾನೂನು ಬಹುಕಾಲ ಮನುಷ್ಯ ಮತ್ತು ಸಾಮಾನು ಎಂದೇ ನೋಡಿತು. 2016ರಲ್ಲಿ ಇಂಗ್ಲೆಂಡಿನ ಸ್ಟೀವನೇಜ್‌ನಲ್ಲಿ ಫಿನ್ ಎಂಬ ಜರ್ಮನ್ ಶೆಫರ್ಡ್ ತನ್ನ ಹ್ಯಾಂಡ್ಲರ್ ಡೇವ್ ವಾರ್ಡೆಲ್ ಅವರನ್ನು ಕಾಪಾಡಲು ಹೋಗಿ ಚಾಕು ಇರಿತಕ್ಕೆ ಸಿಕ್ಕಿತು. ಪುಣ್ಯಕ್ಕೆ ಬದುಕಿತು. ಆದರೆ ಅದರ ಗಾಯಕ್ಕೆ ಹಾಕಿದ್ದು ಆಸ್ತಿ ಹಾನಿಯ ಕೇಸು! ವಾರ್ಡೆಲ್ ಸುಮ್ಮನೆ ಕೂರಲಿಲ್ಲ. ಜನರೂ ಜೊತೆಗೆ ನಿಂತರು. 2019ರಲ್ಲಿ 'ಫಿನ್ ಕಾನೂನು' ಬಂತು. ಸೇವೆಯಲ್ಲಿರುವ ಪ್ರಾಣಿಯನ್ನು ಗಾಯಗೊಳಿಸಿ 'ಆತ್ಮರಕ್ಷಣೆಗೆ ಮಾಡಿದೆ' ಎಂದು ನುಣುಚಿಕೊಳ್ಳುವ ದಾರಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮುಚ್ಚಿತು.

ನಿವೃತ್ತಿಯ ವಿಷಯ ಮಾತ್ರ ಅನೇಕ ಕಡೆ ಇನ್ನೂ ಹಾಗೇ ಉಳಿದಿದೆ. ವರ್ಷಗಟ್ಟಲೆ ಜಿಗಿದು, ಓಡಿ ಕೀಲು ಸವೆದ ನಾಯಿಯನ್ನು ಸಾಮಾನ್ಯವಾಗಿ ಹ್ಯಾಂಡ್ಲರೇ ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ. ಔಷಧಿ, ಆಪರೇಷನ್ನಿನ ಖರ್ಚು ಎಷ್ಟೋ ಸಲ ಅವರ ಜೇಬಿನಿಂದಲೇ ಹೋಗುತ್ತದೆ. ದುಡಿದದ್ದು ಊರಿಗೆಲ್ಲ, ಸಾಕುವುದು ಒಬ್ಬರೇ. ಇದು ನ್ಯಾಯ ಅಲ್ಲ, ಅಲ್ವಾ?

ಆದ್ದರಿಂದ ಸಂಘದ ಮುಂದಿನ ಸಭೆಯಲ್ಲಿ ಒಂದು ಪ್ರಸ್ತಾಪ ಇಡುತ್ತಿದ್ದೇನೆ. ನಮ್ಮ ಪೊಲೀಸ್ ಇಲಾಖೆಯ ನಿವೃತ್ತ ನಾಯಿಗಳ ಚಿಕಿತ್ಸೆಗೆ ಯಾರು ಹಣ ಕೊಡುತ್ತಾರೆಂದು ಸಂಘದ ಪರವಾಗಿ ಪತ್ರ ಬರೆದು ಕೇಳೋಣ. ಕೊರತೆ ಇದ್ದರೆ ಈ ವರ್ಷದ ದೇಣಿಗೆಯಲ್ಲಿ ಒಂದು ಪಾಲು ಅದಕ್ಕೆ ಎತ್ತಿಡೋಣ. ಸದಸ್ಯರಲ್ಲಿ ಪಶುವೈದ್ಯರಿದ್ದರೆ ದಯವಿಟ್ಟು ಸಭೆಗೂ ಮುಂಚೆ ನನ್ನನ್ನು ಸಂಪರ್ಕಿಸಿ.

– ಸಂಪಾದಕರು