ಲ್ಯಾಟಿನ್ ಅಮೆರಿಕದಲ್ಲೂ ಬಸ್ಸುಗಳಿವೆ

ಮಾನ್ಯರೆ,

ಪ್ರವಾಸ ಪುರವಣಿಗಳಲ್ಲಿ ದಕ್ಷಿಣ ಅಮೆರಿಕ ಎಂದರೆ ಪ್ಯಾಕೇಜ್ ಟೂರು, ಲಕ್ಷಗಟ್ಟಲೆ ಖರ್ಚು ಎಂದೇ ಬರುತ್ತದೆ. ವಿಮಾನದ ಖರ್ಚು ದೊಡ್ಡದು, ನಿಜ. ಆದರೆ ಅಲ್ಲಿ ಇಳಿದ ಮೇಲೆ ಜನ ಊರಿಂದೂರಿಗೆ ಓಡಾಡುವುದು ಬಸ್ಸಿನಲ್ಲೇ. ದೇವಿಮನೆ ಘಟ್ಟದಲ್ಲಿ ಹಿಂದಿನ ಸೀಟಿನಲ್ಲಿ ಕೂತು ಶಿರಸಿ ಮುಟ್ಟಿದವರಿಗೆ ಪೆರು, ಬೊಲಿವಿಯಾದ ತಿರುವುಗಳು ಹೊಸತೇನಲ್ಲ. ತೊಂದರೆ ಕೊಡುವುದು ಬೇರೆ ಸಂಗತಿಗಳು.

ಮೊದಲನೆಯದು ಎತ್ತರ. ಶಿರಸಿ ಇರುವುದೇ ಸಮುದ್ರಮಟ್ಟದಿಂದ 600 ಮೀಟರ್ ಆಸುಪಾಸಿನಲ್ಲಿ. ಪೆರುವಿನ ಕುಸ್ಕೊ 3,400, ಬೊಲಿವಿಯಾದ ಲಾ ಪಾಸ್ 3,600. ಕಡಲ ದಂಡೆಯ ಪೆರು ರಾಜಧಾನಿ ಲಿಮಾದಿಂದ ಒಂದೇ ಬಸ್ಸಿಗೆ ಕುಸ್ಕೊ ಹತ್ತಿದರೆ ತಲೆ ಸಿಡಿಯುವುದು, ವಾಂತಿ ಸಾಮಾನ್ಯ. ಇದು ಘಟ್ಟದ ವಾಂತಿಯಲ್ಲ, ಲಿಂಬೆಹಣ್ಣು ಮೂಸಿದರೆ ಹೋಗುವುದಿಲ್ಲ. ತೆಳುಗಾಳಿಯಲ್ಲಿ ಆಮ್ಲಜನಕ ಸಾಲದೆ ಬರುವ ಇದನ್ನು ಅಲ್ಲಿಯವರು 'ಸೊರೋಚೆ' ಎನ್ನುತ್ತಾರೆ. ಪೆರುವಿನದೇ 2,300 ಮೀಟರಿನ ಅರೆಕಿಪಾದಲ್ಲಿ ಎರಡು ಮೂರು ದಿನ ಉಳಿದು ಮೇಲೆ ಹೋಗಬೇಕು. ಕೂತಲ್ಲೇ ಏದುಸಿರು ಬಂದರೆ, ನಡಿಗೆ ತಪ್ಪಿದರೆ ತಡಮಾಡದೆ ಕೆಳಗಿಳಿಯಬೇಕು. ರಾತ್ರಿ ಬಸ್ಸಿಗೆ ಸ್ವೆಟರ್ ಕೈಯಲ್ಲೇ ಇರಲಿ, ಡಿಕ್ಕಿಗೆ ಹೋದರೆ ಬೆಳಗಿನವರೆಗೆ ಸಿಗದು. (ಕಾರವಾರದವರು ಮೊದಲು ಸ್ವೆಟರ್ ಕೊಳ್ಳಬೇಕು!)

ಟಿಕೆಟ್ ಇದ್ದೂ ಬಸ್ ತಪ್ಪುವುದುಂಟು. ಪೆರು, ಬೊಲಿವಿಯಾದ ಹಲವು ನಿಲ್ದಾಣಗಳಲ್ಲಿ ನಿಲ್ದಾಣದ ಶುಲ್ಕವನ್ನು ಬೇರೆ ಕಿಟಕಿಯಲ್ಲಿ ಕಟ್ಟಿ ಚೀಟಿ ಪಡೆಯಬೇಕು. ಚೀಟಿ ಇಲ್ಲದಿದ್ದರೆ ಗೇಟಿನಿಂದ ವಾಪಸು, ಅಷ್ಟರಲ್ಲಿ ಬಸ್ ಹೊರಟಿರುತ್ತದೆ. ನಾಣ್ಯ ಅಂಗಿ ಕಿಸೆಯಲ್ಲಿರಲಿ. ಡಾಲರೇ ನಡೆಯುವ ಈಕ್ವೆಡಾರ್‌ನಲ್ಲೂ 50, 100ರ ನೋಟಿಗೆ ಬಸ್ಸಿನಲ್ಲಿ ಚಿಲ್ಲರೆ ಸಿಗದು. ಅಲ್ಲಿಯ ಸ್ಪ್ಯಾನಿಷ್‌ನಲ್ಲಿ 'ಮನ್ಯಾನಾ' ಎಂದರೆ ನಾಳೆಯೂ ಹೌದು, ಬೆಳಿಗ್ಗೆಯೂ ಹೌದು. ಹೊರಡುವ ತಾರೀಕು, ಗಂಟೆ ಎರಡನ್ನೂ ಕಾಗದದಲ್ಲಿ ಬರೆಸಿಕೊಳ್ಳುವುದೇ ವಾಸಿ.

ಡಿಕ್ಕಿಗೆ ಹಾಕಿದ ದೊಡ್ಡ ಚೀಲಕ್ಕೆ ಟೋಕನ್ ಕೇಳಿ ಪಡೆಯಿರಿ. ಪಾಸ್‌ಪೋರ್ಟ್ ಇರುವ ಸಣ್ಣ ಚೀಲವನ್ನು ತಲೆಮೇಲಿನ ಕ್ಯಾರಿಯರಿನಲ್ಲಿಟ್ಟರೆ ನಿದ್ದೆ ಹತ್ತಿದ ಹೊತ್ತಿಗೆ ಮಾಯ. ಸೀಟಿನಡಿ ಇಟ್ಟರೆ ಹಿಂದೆ ಕೂತವ ಬ್ಲೇಡ್ ಹಾಕುತ್ತಾನೆ. ತೊಡೆಯ ಮೇಲಿಟ್ಟು ಪಟ್ಟಿಯನ್ನು ತೋಳಿಗೆ ಸುತ್ತಿಕೊಳ್ಳಿ. ಗ್ವಾಟೆಮಾಲಾದ ಬಣ್ಣಬಣ್ಣದ ಬಸ್ಸುಗಳು ಅಮೆರಿಕದ ಹಳೇ ಶಾಲಾ ಬಸ್ಸುಗಳು. ಅಲ್ಲಿ ಚೀಲ ಛಾವಣಿಗೆ ಹೋಗುತ್ತದೆ, ಮಳೆಗಾಲಕ್ಕೆ ಪ್ಲಾಸ್ಟಿಕ್ ಹೊದಿಕೆ ಬೇಕೇ ಬೇಕು.

ಸಸ್ಯಾಹಾರಿಗಳು 'ಸಿನ್ ಕಾರ್ನೆ' (ಮಾಂಸ ಬೇಡ) ಎಂದಷ್ಟೇ ಹೇಳಿದರೆ ಕೋಳಿ ಬರಬಹುದು. 'ಸಿನ್ ಪೊಯ್ಯೊ, ಸಿನ್ ಪೆಸ್ಕಾದೊ' ಸೇರಿಸಿ, ಕೋಳಿಯೂ ಬೇಡ, ಮೀನೂ ಬೇಡ ಎಂದು. ಕಾಳಿನ ಪಲ್ಯಕ್ಕೂ ಹಂದಿಕೊಬ್ಬು ಬಿದ್ದಿರುತ್ತದೆ. ಬೇಯಿಸಿದ ಮರಗೆಣಸು, ಬಾಳೆಕಾಯಿಗೆ ಮೋಸವಿಲ್ಲ.

ಪ್ಯಾಕೇಜ್ ಪುಟಗಳಲ್ಲಿ ಕಾಣದ ಇನ್ನೊಂದಿದೆ: ಹಳದಿ ಜ್ವರದ ಲಸಿಕೆ. ಪೆರು, ಬೊಲಿವಿಯಾ, ಕೊಲಂಬಿಯಾದಿಂದ ಪ್ರಮಾಣಪತ್ರವಿಲ್ಲದೆ ಮರಳಿದವರನ್ನು ನಮ್ಮದೇ ವಿಮಾನ ನಿಲ್ದಾಣದಲ್ಲಿ 6 ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಚುಚ್ಚಿಸಿಕೊಂಡ 10 ದಿನದ ನಂತರವಷ್ಟೇ ಪತ್ರಕ್ಕೆ ಮಾನ್ಯತೆ. ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಊರ ಡಾಕ್ಟರರಲ್ಲಿ ಆಗದು. ಮುಂದಿನ ಸಲ ಇಂಥ ಲೇಖನ ಹಾಕುವಾಗ ಇದನ್ನೊಂದು ಬಾಕ್ಸಿನಲ್ಲಾದರೂ ಅಚ್ಚು ಮಾಡಿ.

– ಓದುಗರೊಬ್ಬರು, ಕುಮಟಾ