ಗೆಳೆಯನಿಗೊಂದು ಪತ್ರ: ಯಾವ ಕನ್ಸೋಲಿನಲ್ಲಿ ಎಂಥ ಕುಸ್ತಿ?

ಪ್ರಿಯ ಗೆಳೆಯ,

ಹಳೆಯ ಕನ್ಸೋಲುಗಳನ್ನು, ಅಂದರೆ ಟಿವಿಗೆ ಜೋಡಿಸಿ ವಿಡಿಯೊ ಗೇಮ್ ಆಡುವ ಯಂತ್ರಗಳನ್ನು, ಕೊಳ್ಳುವ ಹುಚ್ಚು ನಿನಗೂ ಹಿಡಿದಿದೆ ಎಂದು ತಿಳಿದು ಖುಷಿಯಾಯಿತು. ‘ಕುಸ್ತಿ ಆಟಕ್ಕೆ ಯಾವುದು ಒಳ್ಳೆಯದು, ಒಂದೇ ಮಾತಿನಲ್ಲಿ ಹೇಳು’ ಎಂದು ಕೇಳಿದ್ದೀಯೆ. ಒಂದೇ ಮಾತಿನಲ್ಲಿ ಮುಗಿಯುವ ಹಾಗಿದ್ದರೆ ಫೋನಿನಲ್ಲೇ ಹೇಳಿಬಿಡುತ್ತಿದ್ದೆ. ಇದೇ ಪ್ರಶ್ನೆಯನ್ನು ಇನ್ನೂ ಕೆಲವರು ಕೇಳಿದ್ದರಿಂದ ಪತ್ರವನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ. ನಿನ್ನ ಹೆಸರು ಬರೆದಿಲ್ಲ, ಮನೆಯವರಿಗೆ ಖರ್ಚಿನ ಲೆಕ್ಕ ಸಿಗುವುದಿಲ್ಲ.

ನಮ್ಮೂರ ಗರಡಿಯ ಹಿರಿಯ ಪೈಲ್ವಾನರು ಟಿವಿಯಲ್ಲಿ ಅಮೆರಿಕದ ಕುಸ್ತಿಯ ಅಂಡರ್‌ಟೇಕರ್‌ನನ್ನು ನೋಡಿ ‘ಇದು ಕುಸ್ತಿಯಲ್ಲ, ಬಯಲಾಟ’ ಎಂದು ನಗುತ್ತಿದ್ದದ್ದು ನಿನಗೆ ನೆನಪಿರಬೇಕು. ಅವರು ಹೇಳಿದ್ದು ಸರಿಯೇ. ಆದರೆ ಬಯಲಾಟವನ್ನು ವಿಡಿಯೊ ಗೇಮ್ ಮಾಡುವುದು ನಿಜವಾದ ಕುಸ್ತಿಯನ್ನು ಮಾಡುವುದಕ್ಕಿಂತ ಕಷ್ಟ. ಗುದ್ದಾಟದ ಆಟಗಳಲ್ಲಿ ಮೊದಲು ಹೊಡೆದವನು ಹೊಡೆಯುತ್ತಲೇ ಹೋಗಬಹುದು. ಇಲ್ಲಿ ಹಾಗಾಗಬಾರದು. ಏಟು ತಿಂದು ಬಿದ್ದವನು ಏಳಬೇಕು, ಗೆಲ್ಲುವ ಹಾಗೆ ಕಾಣುತ್ತಿದ್ದವನು ತತ್ತರಿಸಬೇಕು, ಕೊನೆಯ ಪಟ್ಟು ಕೊನೆಗೇ ಬರಬೇಕು. ಸೋಫಾದ ಮೇಲೆ ಕುಳಿತ ಇಬ್ಬರಿಗೂ ಗೆಲ್ಲುವ ಹಟವಿದ್ದಾಗ ಈ ಏರಿಳಿತ ತಾನಾಗಿ ಬರುವುದಿಲ್ಲ. ಇಬ್ಬರೂ ಕೈಗೆ ಕೈ ಕೊಟ್ಟು ಹಿಡಿದ ಆ ಒಂದು ಕ್ಷಣದಲ್ಲಿ ಆಟ ಏನು ಮಾಡುತ್ತದೆ ಎಂಬುದನ್ನು ನೋಡಿಯೇ ನಾನು ಯಾವ ಕುಸ್ತಿ ಆಟವನ್ನಾದರೂ ಅಳೆಯುತ್ತೇನೆ. ಚಿತ್ರ ಎಷ್ಟು ಚೆನ್ನಾಗಿದೆ, ಎಷ್ಟು ಜನ ಪೈಲ್ವಾನರಿದ್ದಾರೆ ಎಂಬುದೆಲ್ಲ ಆಮೇಲಿನ ಮಾತು.

ಹದಿನಾರು ಬಿಟ್ ಕನ್ಸೋಲುಗಳ ಕಾಲದಲ್ಲಿ, ಅಂದರೆ ತೊಂಬತ್ತರ ದಶಕದ ಆರಂಭದಲ್ಲಿ, ಆ ಕ್ಷಣಕ್ಕೆ ಉತ್ತರ ಒಂದೇ ಇತ್ತು: ಬಟನ್ನನ್ನು ಕುಟ್ಟುವುದು. ಯಾರು ಬೇಗ ಬೇಗ ಕುಟ್ಟುತ್ತಾರೋ ಅವರ ಪಟ್ಟು ಬೀಳುತ್ತಿತ್ತು. 1992ರ ಸೂಪರ್ ರೆಸಲ್‌ಮೇನಿಯಾ ಸೂಪರ್ ನಿಂಟೆಂಡೊ, ಸೆಗಾ ಜೆನೆಸಿಸ್ ಎರಡಕ್ಕೂ ಬಂದಿತ್ತು. ಹೆಸರು ಒಂದೇ ಆದರೂ ಪೈಲ್ವಾನರ ಪಟ್ಟಿ ಬೇರೆ ಬೇರೆ. ಸೆಗಾದಲ್ಲಿ ಒಬ್ಬೊಬ್ಬರಿಗೂ ಅವರದೇ ಮುಗಿಸುವ ಪಟ್ಟು ಇತ್ತು, ನಿಂಟೆಂಡೊದಲ್ಲಿ ಎಲ್ಲರೂ ಒಂದೇ ಪಾಠ ಕಲಿತು ಬಂದವರಂತೆ ಆಡುತ್ತಿದ್ದರು. ಇವೆರಡನ್ನೂ ಕಪಾಟಿನಲ್ಲಿಡಲು ಕೊಳ್ಳಬಹುದು, ಆಡಲು ಬೇಡ. ಬೆರಳು ನೋಯುವ ವಯಸ್ಸು ನಮ್ಮದು.

ನಿಜವಾದ ಕಥೆ ನಿಂಟೆಂಡೊ 64ರಿಂದ ಶುರುವಾಗುತ್ತದೆ. ಜಪಾನಿನ ಎಕೆಐ ಎಂಬ ಕಂಪನಿ 1997ರಲ್ಲಿ ಅಮೆರಿಕದ ಕುಸ್ತಿ ಕಂಪನಿ ಡಬ್ಲ್ಯುಸಿಡಬ್ಲ್ಯುನ ಪೈಲ್ವಾನರನ್ನಿಟ್ಟುಕೊಂಡು ‘ವರ್ಲ್ಡ್ ಟೂರ್’ ಮಾಡಿತು, ಮರುವರ್ಷ ‘ರಿವೆಂಜ್’. ಆಮೇಲೆ ಅದರ ಪ್ರತಿಸ್ಪರ್ಧಿ ಡಬ್ಲ್ಯುಡಬ್ಲ್ಯುಎಫ್‌ನ ಆಟ ಮಾಡುವ ಹಕ್ಕು ಟಿಎಚ್‌ಕ್ಯು ಎಂಬ ಪ್ರಕಾಶಕ ಕಂಪನಿಯ ಕೈಗೆ ಬಂದಾಗ 1999ರಲ್ಲಿ ‘ರೆಸಲ್‌ಮೇನಿಯಾ 2000’, 2000ನೇ ಇಸವಿಯ ನವೆಂಬರಿನಲ್ಲಿ ‘ನೋ ಮರ್ಸಿ’. ಈ ಕೊನೆಯದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಇಪ್ಪತ್ತೈದು ವರ್ಷ ಕಳೆದರೂ ಇದನ್ನು ಮೀರಿಸಿದ ಹಿಡಿತ ನನಗೆ ಸಿಕ್ಕಿಲ್ಲ.

ಎ ಬಟನ್ನನ್ನು ಮೆಲ್ಲಗೆ ತಟ್ಟಿದರೆ ಸಡಿಲ ಹಿಡಿತ, ಒತ್ತಿ ಹಿಡಿದರೆ ಬಿಗಿ ಹಿಡಿತ. ಹಿಡಿದ ಮೇಲೆ ದಿಕ್ಕಿನ ಜೊತೆ ಎ ಅಥವಾ ಬಿ ಒತ್ತಬೇಕು, ಒಂದೊಂದು ದಿಕ್ಕಿಗೂ ಒಂದೊಂದು ಪಟ್ಟು. ಅಷ್ಟೇ. ಐದು ನಿಮಿಷದಲ್ಲಿ ಯಾರಿಗೆ ಬೇಕಾದರೂ ಕಲಿಸಬಹುದು. ಆದರೆ ಬಿಗಿ ಹಿಡಿತಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕು, ಆ ಹೊತ್ತಿನಲ್ಲಿ ಎದುರಾಳಿ ಒಂದು ಗುದ್ದು ಹಾಕಿ ತಪ್ಪಿಸಿಕೊಳ್ಳಬಹುದು, ಇಲ್ಲವೇ ಸರಿಯಾದ ಗಳಿಗೆಯಲ್ಲಿ ಭುಜದ ಬಟನ್ ಒತ್ತಿ ಪಟ್ಟನ್ನೇ ತಿರುಗಿಸಬಹುದು. ಪಂದ್ಯದ ಮೊದಲ ನಿಮಿಷದಲ್ಲೇ ಬಿಗಿ ಹಿಡಿತಕ್ಕೆ ಹೋದವನು ಏಟು ತಿನ್ನುತ್ತಾನೆ. ಸಣ್ಣ ಪಟ್ಟುಗಳಿಂದ ಎದುರಾಳಿಯನ್ನು ಮೆತ್ತಗೆ ಮಾಡಿ, ಪರದೆಯ ಮೇಲಿನ ಹುಮ್ಮಸ್ಸಿನ ಪಟ್ಟಿ ಏರುತ್ತಾ ಹೋಗಿ ‘ಸ್ಪೆಷಲ್’ ಎಂದು ಮಿನುಗಿದಾಗ ಬಿಗಿಯಾಗಿ ಹಿಡಿದು ಅನಲಾಗ್ ಕಡ್ಡಿಯನ್ನು ಒಮ್ಮೆ ಝಾಡಿಸಿದರೆ ಮುಗಿಸುವ ಪಟ್ಟು ಬೀಳುತ್ತದೆ. ನಾನು ಮೇಲೆ ಹೇಳಿದ ಬಯಲಾಟದ ಏರಿಳಿತವನ್ನು ಯಾರೂ ಹೇಳಿಕೊಡದೆ ಆಟದ ನಿಯಮವೇ ಆಡಿಸುತ್ತದೆ. ಚಾಂಪಿಯನ್‌ಶಿಪ್ ಕಥೆಯಲ್ಲಿ ಸೋತರೂ ಆಟ ಮುಗಿಯುವುದಿಲ್ಲ, ಕಥೆ ಬೇರೆ ದಾರಿ ಹಿಡಿಯುತ್ತದೆ. ಸೋಲಿಗೂ ಒಂದು ಬೆಲೆ ಕೊಟ್ಟ ಕುಸ್ತಿ ಆಟಗಳು ಆಗ ವಿರಳ.

ಇದರಲ್ಲಿ ಕನ್ಸೋಲಿನ ಪಾಲೂ ದೊಡ್ಡದು. ನಿಂಟೆಂಡೊ 64ಕ್ಕೆ ನಾಲ್ಕು ಕಂಟ್ರೋಲರ್ ಹಾಕುವ ಜಾಗ ಹುಟ್ಟಿನಿಂದಲೇ ಇತ್ತು, ಆಟ ಬರುತ್ತಿದ್ದುದು ಕ್ಯಾಸೆಟ್ಟಿನಲ್ಲಿ ಆದ್ದರಿಂದ ಲೋಡ್ ಆಗಲೆಂದು ಕಾಯುವುದೂ ಇಲ್ಲ. ಸೋತವನು ‘ಇನ್ನೊಂದು ಪಂದ್ಯ’ ಎನ್ನುವಷ್ಟರಲ್ಲಿ ಪಂದ್ಯ ಶುರುವಾಗಿರುತ್ತದೆ. ಕ್ಯಾಸೆಟ್ಟಿನ ದೌರ್ಬಲ್ಯವೂ ಅಲ್ಲಿಯೇ. ಜಾಗ ಕಡಿಮೆ, ಹೀಗಾಗಿ ಪೈಲ್ವಾನರ ಪ್ರವೇಶದ ಸಂಗೀತ ತುಂಡು ತುಂಡು, ಚಿತ್ರ ಮಸುಕು. ರಿಂಗಿನಲ್ಲಿ ನಾಲ್ವರು ಸೇರಿದರೆ ಎಲ್ಲರೂ ನೀರಿನಲ್ಲಿ ನಡೆಯುವವರಂತೆ ನಿಧಾನವಾಗುತ್ತಾರೆ. ಇನ್ನೊಂದು ದೊಡ್ಡ ಕೊರತೆ ಇದೆ: ನೋ ಮರ್ಸಿಯ ಮೊದಲ ಕಂತಿನ ಕ್ಯಾಸೆಟ್ಟುಗಳಲ್ಲಿ ಒಂದು ದೋಷವಿತ್ತು. ಉಳಿಸಿಟ್ಟ ಆಟವೆಲ್ಲ ಇದ್ದಕ್ಕಿದ್ದಂತೆ ಅಳಿಸಿಹೋಗುತ್ತಿತ್ತು. ತಿದ್ದಿದ ಕ್ಯಾಸೆಟ್ಟುಗಳು ಆಮೇಲೆ ಬಂದವು, ಆದರೆ ಹಳೆಯವು ಇಂದಿಗೂ ಮಾರುಕಟ್ಟೆಯಲ್ಲಿ ಕೈ ಬದಲಿಸುತ್ತಿವೆ. ಯಾವುದು ನಿನ್ನ ಪಾಲಿಗೆ ಬರುತ್ತದೋ ಅದೃಷ್ಟ.

ನೋ ಮರ್ಸಿ ಬಂದ 2000ನೇ ಇಸವಿಯಲ್ಲೇ ಪ್ಲೇಸ್ಟೇಷನ್‌ನಲ್ಲಿ ಯೂಕ್ಸ್ ಎಂಬ ಇನ್ನೊಂದು ಜಪಾನಿ ಕಂಪನಿ ಎರಡು ಸ್ಮ್ಯಾಕ್‌ಡೌನ್ ಆಟಗಳನ್ನು ತಂದಿತು, ಮಾರ್ಚಿನಲ್ಲಿ ಒಂದು, ನವೆಂಬರಿನಲ್ಲಿ ಇನ್ನೊಂದು. ಇವುಗಳ ಮನೋಧರ್ಮವೇ ಬೇರೆ. ಇಲ್ಲಿ ಹಿಡಿತವೆಂಬ ಮೆಟ್ಟಿಲೇ ಇಲ್ಲ. ದಿಕ್ಕಿನ ಜೊತೆ ಬಟನ್ ಒತ್ತಿದೊಡನೆ ಪಟ್ಟು ಬೀಳುತ್ತದೆ. ಓಡು, ಹೊಡೆ, ಎತ್ತಿ ಬಿಸಾಕು, ಮತ್ತೆ ಓಡು. ಮೊದಲ ಸಲ ಆಡುವವನಿಗೆ ಇದರಷ್ಟು ಮಜಾ ಬೇರೆ ಇಲ್ಲ. ಸಿಡಿಯಲ್ಲಿ ಜಾಗ ಧಾರಾಳವಾಗಿದ್ದುದರಿಂದ ಪ್ರವೇಶದಲ್ಲಿ ಪೈಲ್ವಾನರ ಹಿಂದೆ ನಿಜವಾದ ವಿಡಿಯೊ ಓಡುತ್ತಿತ್ತು. ಆದರೆ ಅದೇ ಸಿಡಿ ಪ್ರತಿಯೊಂದಕ್ಕೂ ಕಾಯಿಸುತ್ತಿತ್ತು. ಎರಡನೆಯ ಭಾಗದ ಸೀಸನ್‌ನಲ್ಲಿ ಒಂದು ಪಂದ್ಯದಿಂದ ಇನ್ನೊಂದಕ್ಕೆ ಹೋಗುವ ಹೊತ್ತಿಗೆ ಕಾಫಿ ಕುಡಿದು ಲೋಟ ತೊಳೆದಿಡಬಹುದು. ಕಂಟ್ರೋಲರ್‌ಗೆ ಎರಡೇ ಜಾಗ, ಮೂರನೆಯವನು ಬಂದರೆ ಹೆಚ್ಚು ಕಂಟ್ರೋಲರ್ ಜೋಡಿಸುವ ಮಲ್ಟಿಟ್ಯಾಪ್ ಬೇಕು.

ಪ್ಲೇಸ್ಟೇಷನ್ 2ರಲ್ಲಿ ಯೂಕ್ಸ್ ಎರಡು ವರ್ಷ ಇದೇ ಓಟವನ್ನು ಮುಂದುವರಿಸಿ, 2003ರ ‘ಹಿಯರ್ ಕಮ್ಸ್ ದ ಪೇನ್’ನಲ್ಲಿ ಹಿಡಿತವನ್ನು ಒಳಕ್ಕೆ ತಂದಿತು. ಮೊದಲು ದಿಕ್ಕು ನೋಡಿ ಹಿಡಿಯಬೇಕು: ಬಲದ ಹಿಡಿತ, ವೇಗದ ಹಿಡಿತ, ಅಂಗ ತಿರುಚುವ ಹಿಡಿತ, ಆ ಪೈಲ್ವಾನನದೇ ಆದ ಹಿಡಿತ. ಆಮೇಲೆ ಪಟ್ಟು. ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಮನುಷ್ಯಾಕೃತಿ ಇರುತ್ತದೆ. ಕಾಲಿಗೆ ಏಟು ಬೀಳುತ್ತಾ ಹೋದಂತೆ ಅದರ ಕಾಲಿನ ಬಣ್ಣ ಬದಲಾಗಿ ಕೊನೆಗೆ ಕೆಂಪಾಗುತ್ತದೆ, ಆಗ ಅದೇ ಕಾಲನ್ನು ತಿರುಚಿ ಹಿಡಿದರೆ ಎದುರಾಳಿ ಶರಣಾಗುತ್ತಾನೆ. ಎಕೆಐಯ ಲೆಕ್ಕಾಚಾರ, ಯೂಕ್ಸ್‌ನ ವೇಗ, ಎರಡೂ ಕೂಡಿದ್ದು ಇಲ್ಲಿ ಮಾತ್ರ. ಎಲಿಮಿನೇಷನ್ ಚೇಂಬರ್ ಎಂಬ ಪಂಜರದ ಪಂದ್ಯದಲ್ಲಿ ಆರು ಜನ ಒಟ್ಟಿಗೆ ಹೊಡೆದಾಡಿದರೂ ಯಂತ್ರ ಏದುಸಿರು ಬಿಡುವುದಿಲ್ಲ. ವೀಕ್ಷಕ ವಿವರಣೆಯನ್ನು ಇದರಲ್ಲಿ ತೆಗೆದುಹಾಕಿದ್ದರು, ಅದನ್ನು ಹಲವರು ದೋಷವೆಂದರು. ನನಗೆ ಅದು ಉಪಕಾರ. ಹಿಂದಿನ ಭಾಗಗಳಲ್ಲಿ ಅದೇ ವಾಕ್ಯವನ್ನು ಮತ್ತೆ ಮತ್ತೆ ಕೇಳಿ ಕಿವಿ ಕಿತ್ತು ಹೋಗಿತ್ತು.

ಪ್ಲೇಸ್ಟೇಷನ್ 2ರ ಇನ್ನೊಂದು ಬಲ ಅದರ ಆಯುಸ್ಸು. ಹೊಸ ಕನ್ಸೋಲ್ ಬಂದು ವರ್ಷಗಳಾದರೂ ‘ಸ್ಮ್ಯಾಕ್‌ಡೌನ್ ವರ್ಸಸ್ ರಾ 2011’ರ ತನಕ ಅದಕ್ಕೆ ಪ್ರತಿ ವರ್ಷ ಒಂದು ಭಾಗ ಬಂತು. ನಮ್ಮ ಕಡೆಯ ಗೇಮ್ ಪಾರ್ಲರುಗಳು ಬದುಕಿದ್ದೇ ಅದರಿಂದ. 2008ರ ಭಾಗದಲ್ಲಿ ಗ್ರೇಟ್ ಖಲಿ ಬಂದಾಗ ಹುಡುಗರು ಅವನಿಗಾಗಿಯೇ ಜಗಳವಾಡುತ್ತಿದ್ದರು. ಅವನನ್ನು ಆಯ್ದುಕೊಂಡವನನ್ನು ಸೋಲಿಸುವುದು ಸುಲಭವೆಂದು ತಿಳಿದವರು ಸುಮ್ಮನೆ ಬಿಟ್ಟುಕೊಡುತ್ತಿದ್ದರು, ಅದು ಬೇರೆ ಮಾತು.

ಮೊದಲ ಎಕ್ಸ್‌ಬಾಕ್ಸ್ ಆ ಕಾಲದ ಅತ್ಯಂತ ಬಲಶಾಲಿ ಯಂತ್ರ. ಅದಕ್ಕೆ ಸಿಕ್ಕ ಕುಸ್ತಿ ಆಟಗಳು ಮಾತ್ರ ಅತ್ಯಂತ ಬಡವು. 2002ರ ‘ರಾ’ದಲ್ಲಿ ಪೈಲ್ವಾನರ ಮೈಮೇಲಿನ ಬೆವರು ಕಾಣುತ್ತದೆ, ಪ್ರವೇಶಗಳು ಟಿವಿಯನ್ನೇ ನೋಡಿದಂತಿವೆ, ಗಂಟೆ ಬಾರಿಸಿದ ಮೇಲೆ ನೋಡಲು ಏನೂ ಇಲ್ಲ. ಮರುವರ್ಷದ ‘ರಾ 2’ ಸ್ವಲ್ಪ ಮೇಲು. ಅದರ ಒಂದು ಗುಣವನ್ನಂತೂ ಮೆಚ್ಚಲೇಬೇಕು: ಕನ್ಸೋಲಿನ ಹಾರ್ಡ್ ಡಿಸ್ಕಿನಲ್ಲಿ ನಿನ್ನದೇ ಸಂಗೀತ ತುಂಬಿ ಅದನ್ನು ಪೈಲ್ವಾನನ ಪ್ರವೇಶಕ್ಕೆ ಹಾಕಬಹುದು. ಡೊಳ್ಳಿನ ಸದ್ದಿಗೆ ಸ್ಟೋನ್ ಕೋಲ್ಡ್ ಎಂಬ ಪೈಲ್ವಾನ ಬರುವುದನ್ನು ನೋಡಬೇಕೆಂದರೆ ಅದನ್ನು ಕೊಳ್ಳು, ಆಡಲೆಂದಲ್ಲ.

ನಿಂಟೆಂಡೊದ ಗೇಮ್‌ಕ್ಯೂಬ್ ಅನ್ನು ಯಾರೂ ಕೇಳುವುದಿಲ್ಲ, ಅದು ಅನ್ಯಾಯ. 2004ರ ‘ಡೇ ಆಫ್ ರೆಕನಿಂಗ್’ ಯೂಕ್ಸ್ ಮಾಡಿದ್ದಾದರೂ ಹಳೆಯ ನಿಂಟೆಂಡೊ ಆಟದ ಹಿಡಿತದ ರುಚಿ ಅದರಲ್ಲಿದೆ. ಸೋಲುವ ಅಂಚಿಗೆ ಬಂದವನು ಒಂದು ವಿಶೇಷ ಪಟ್ಟಿನಿಂದ ಎದುರಾಳಿಯ ಹುಮ್ಮಸ್ಸನ್ನೆಲ್ಲ ತನ್ನ ಕಡೆಗೆ ತಿರುಗಿಸಿಕೊಳ್ಳಬಹುದು. ಟಿವಿಯ ಕುಸ್ತಿಯಲ್ಲಿ ಹುಲ್ಕ್ ಹೋಗನ್ ಏಟು ತಿಂದೂ ತಿಂದೂ ಇದ್ದಕ್ಕಿದ್ದಂತೆ ತಲೆ ಅಲ್ಲಾಡಿಸುತ್ತಾ ಏಳುತ್ತಿದ್ದನಲ್ಲ, ಅದೇ. ನಿಂಟೆಂಡೊದ ವೀ ಕನ್ಸೋಲಿನ ಬಗ್ಗೆ ಬರೆಯುವುದಕ್ಕೆ ಹೆಚ್ಚೇನಿಲ್ಲ. ಕೈ ಬೀಸಿ ಆಡುವುದು ಮಕ್ಕಳಿಗೆ ಒಂದು ಸಂಜೆಯ ಮಟ್ಟಿಗೆ ಚಂದ.

ಒಬ್ಬನೇ ಆಡುವುದಾದರೆ ನೀನು ‘ಫೈರ್ ಪ್ರೊ’ ಕಡೆಗೆ ಹೋಗಬೇಕು. 1989ರಲ್ಲಿ ಪಿಸಿ ಎಂಜಿನ್ ಎಂಬ ಜಪಾನಿ ಕನ್ಸೋಲಿನಲ್ಲಿ ಹುಟ್ಟಿದ ಈ ಸರಣಿ ಇಂದಿಗೂ ಚಪ್ಪಟೆ ಚಿತ್ರಗಳಲ್ಲೇ ಇದೆ. ಮೊದಲ ನೋಟಕ್ಕೆ ಮೂಗು ಮುರಿಯುವೆ. ಇಲ್ಲಿ ಬಟನ್ ಕುಟ್ಟಿದವನು ಸೋಲುತ್ತಾನೆ. ಇಬ್ಬರೂ ತಾವಾಗಿಯೇ ಹತ್ತಿರ ಬಂದು ಕೈ ಕೊಡುತ್ತಾರೆ, ಹಿಡಿತ ಕೂಡಿದ ಆ ಕಣ್ಣೆವೆ ಇಕ್ಕುವ ಹೊತ್ತಿನಲ್ಲಿ ಒಂದೇ ಸಲ ಒತ್ತಬೇಕು. ಸಣ್ಣ, ನಡು, ದೊಡ್ಡ ಪಟ್ಟುಗಳಿಗೆ ಬೇರೆ ಬೇರೆ ಬಟನ್. ಎದುರಾಳಿ ದಣಿಯುವ ಮೊದಲೇ ದೊಡ್ಡದನ್ನು ಒತ್ತಿದರೆ ಅವನು ತಿರುಗಿಸಿ ಹಾಕುತ್ತಾನೆ. ಪಂದ್ಯ ಮುಗಿದ ಮೇಲೆ ಅದು ನೋಡಲು ಎಷ್ಟು ಚೆನ್ನಾಗಿತ್ತು ಎಂದು ಶೇಕಡಾ ಲೆಕ್ಕದಲ್ಲಿ ಅಂಕ ಕೊಡುತ್ತದೆ. ಎರಡೇ ನಿಮಿಷದಲ್ಲಿ ಗೆದ್ದು ಬೀಗಿದವನಿಗೆ ಅಂಕ ಕಡಿಮೆ. ಗರಡಿಯ ಹಿರಿಯರು ಬಯಲಾಟ ಎಂದದ್ದನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡ ಆಟ ಇನ್ನೊಂದಿಲ್ಲ. ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಅಡ್ವಾನ್ಸ್‌ನ 2001ರ ಭಾಗ ಬಸ್ಸಿನ ಪ್ರಯಾಣಕ್ಕೆ ಹೇಳಿ ಮಾಡಿಸಿದ್ದು. ಈಗ ಹೊಸದಾಗಿ ಕೊಳ್ಳುವುದಾದರೆ ‘ಫೈರ್ ಪ್ರೊ ರೆಸ್ಲಿಂಗ್ ವರ್ಲ್ಡ್’ ಪ್ಲೇಸ್ಟೇಷನ್ 4ಕ್ಕೂ ಕಂಪ್ಯೂಟರಿಗೂ ಸಿಗುತ್ತದೆ. ಕಂಪ್ಯೂಟರಿನದನ್ನೇ ಆರಿಸು, ಜಗತ್ತಿನ ಅಭಿಮಾನಿಗಳು ಸೃಷ್ಟಿಸಿ ಹಾಕಿದ ಪೈಲ್ವಾನರನ್ನು ಅಲ್ಲಿ ಸಲೀಸಾಗಿ ಇಳಿಸಿಕೊಳ್ಳಬಹುದು.

ಹೊಸ ಕಾಲದ 2ಕೆ ಆಟಗಳ ಬಗ್ಗೆ ಕೇಳಿದ್ದೀಯೆ. ಟಿಎಚ್‌ಕ್ಯು ದಿವಾಳಿಯಾದ ಮೇಲೆ 2013ರಲ್ಲಿ ಹಕ್ಕು 2ಕೆ ಎಂಬ ಪ್ರಕಾಶಕ ಕಂಪನಿಗೆ ಹೋಯಿತು. ಯಂತ್ರಗಳ ಬಲ ಹತ್ತಾರು ಪಟ್ಟು ಹೆಚ್ಚಿತು, ಆ ಬಲವೆಲ್ಲ ಚರ್ಮ, ಕೂದಲು, ಪ್ರೇಕ್ಷಕರಿಗೆ ಖರ್ಚಾಯಿತು. 2ಕೆ18 ಅನ್ನು ನಿಂಟೆಂಡೊದ ಸ್ವಿಚ್‌ಗೆ ತುರುಕಿದಾಗ ಪಂದ್ಯವೇ ನಿಧಾನಗತಿಯ ಮರುಪ್ರಸಾರದಂತೆ ನಡೆಯುತ್ತಿತ್ತು. 2019ರಲ್ಲಿ ಯೂಕ್ಸ್ ಹೊರಬಿದ್ದ ಮೇಲೆ ಬಂದ 2ಕೆ20ರಲ್ಲಿ ಎಷ್ಟು ದೋಷಗಳಿದ್ದವೆಂದರೆ, 2020ರ ಜನವರಿ 1 ಬಂದೊಡನೆ ಆಟ ತೆರೆಯುವುದನ್ನೇ ನಿಲ್ಲಿಸಿತು. ಕನ್ಸೋಲಿನ ದಿನಾಂಕವನ್ನು ಹಿಂದಕ್ಕೆ ಇಟ್ಟರೆ ಮಾತ್ರ ತೆರೆಯುತ್ತಿತ್ತು. ಮರುವರ್ಷದ ಮುಖ್ಯ ಭಾಗವನ್ನೇ ಕೈಬಿಟ್ಟು 2022ರ ಮಾರ್ಚಿನಲ್ಲಿ ತಂದ 2ಕೆ22ರಿಂದ ಆಟ ಸುಧಾರಿಸಿದೆ, ಅದನ್ನು ಒಪ್ಪಬೇಕು. ಆದರೆ ಹಳೆಯ ಭಾಗಗಳ ಸರ್ವರ್‌ಗಳನ್ನು ಕೆಲವೇ ವರ್ಷಗಳಲ್ಲಿ ಮುಚ್ಚುತ್ತಾರೆ, ಆನ್‌ಲೈನ್ ಪಂದ್ಯ, ಹಂಚಿಕೊಂಡ ಪೈಲ್ವಾನರು ಎಲ್ಲಕ್ಕೂ ಬೀಗ. ನೋ ಮರ್ಸಿಯ ಕ್ಯಾಸೆಟ್ ನೆನಪು ಕಳೆದುಕೊಂಡರೂ ಆಟವನ್ನಾದರೂ ಉಳಿಸಿತ್ತು. ಎಇಡಬ್ಲ್ಯು ಎಂಬ ಇನ್ನೊಂದು ಅಮೆರಿಕದ ಕುಸ್ತಿ ಕಂಪನಿಯ 2023ರ ‘ಎಇಡಬ್ಲ್ಯು ಫೈಟ್ ಫಾರೆವರ್’ ಅನ್ನು ಯೂಕ್ಸ್ ನೋ ಮರ್ಸಿಯ ದಾರಿಯಲ್ಲೇ ಮಾಡಿದೆ, ಹಿಡಿತ ಚೆನ್ನಾಗಿದೆ. ಪೈಲ್ವಾನನನ್ನು ಸೃಷ್ಟಿಸುವ ವಿಭಾಗದಲ್ಲಿ ಮಾತ್ರ ಜಿಪುಣತನ.

ಈಗ ನಿನ್ನ ಕಿಸೆಯ ವಿಷಯ. ಒಂದನ್ನೇ ಕೊಳ್ಳುವುದಾದರೆ ಪ್ಲೇಸ್ಟೇಷನ್ 2 ಮತ್ತು ಹಿಯರ್ ಕಮ್ಸ್ ದ ಪೇನ್. ಯಂತ್ರ ಅಗ್ಗ, ರಿಪೇರಿ ಮಾಡುವವರು ಸಿಗುತ್ತಾರೆ. ಡಿಸ್ಕ್ ಮತ್ತು ಯಂತ್ರ ಒಂದೇ ಪ್ರದೇಶದವೇ ಎಂದು ನೋಡಿಕೋ, ಅಮೆರಿಕದ ಡಿಸ್ಕ್ ನಮ್ಮ ಕಡೆಯ ಯಂತ್ರದಲ್ಲಿ ಓಡುವುದಿಲ್ಲ. ಭಾನುವಾರ ನಾಲ್ಕು ಜನ ಸೇರುವ ಮನೆ ನಿನ್ನದು, ಹಾಗಾಗಿ ದುಡ್ಡು ಉಳಿದರೆ ನಿಂಟೆಂಡೊ 64 ಮತ್ತು ನೋ ಮರ್ಸಿ. ಅದರ ಕಂಟ್ರೋಲರಿನ ನಡುವಿನ ಕಡ್ಡಿ ಸವೆದು ಸಡಿಲವಾಗಿರುತ್ತದೆ ಎಂದು ಮಾರುವವನು ಬೆಲೆ ಇಳಿಸಿದರೆ ಸುಮ್ಮನೆ ತೆಗೆದುಕೋ. ಈ ಆಟದಲ್ಲಿ ಓಡಾಟವೆಲ್ಲ ದಿಕ್ಕಿನ ಬಟನ್ನಿನಲ್ಲಿ, ಕಡ್ಡಿ ಬೇಕಾಗುವುದು ಎದುರಾಳಿಯನ್ನು ಕೆಣಕಿ ಮೀಸೆ ತಿರುವುವುದಕ್ಕೆ ಮತ್ತು ಮುಗಿಸುವ ಪಟ್ಟು ಹಾಕುವುದಕ್ಕೆ.

ಪ್ಲೇಸ್ಟೇಷನ್ 2ರ ಮಲ್ಟಿಟ್ಯಾಪ್ ನನ್ನ ಹತ್ತಿರ ಒಂದು ಹೆಚ್ಚುವರಿ ಇದೆ, ಆದರೆ ದಪ್ಪ ಮಾದರಿಗೂ ತೆಳು ಮಾದರಿಗೂ ಬೇರೆ ಬೇರೆ ಬರುತ್ತದೆ. ನೀನು ಯಾವುದನ್ನು ನೋಡಿದ್ದೀಯೆ ಎಂದು ತಿಳಿಸು, ಹೊಂದುವುದಾದರೆ ಈ ವಾರವೇ ಕೊರಿಯರ್‌ಗೆ ಹಾಕುತ್ತೇನೆ.

ನಿನ್ನ,
ಹಳೆಯ ಎದುರಾಳಿ