ಕಳ್ಳರ ಊರು ಅನ್ನುವ ಮುಂಚೆ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪ ಮಾಡುವ ಆಶೀರ್ವಾದ.

ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ನಿನ್ನ ಸಿಡ್ನಿ ಆಫೀಸಿನ ಗೆಳತಿಯ ಮುತ್ತಜ್ಜಿಯ ಅಜ್ಜಿ ಯಾರೋ ಕಳ್ಳತನಕ್ಕೆ ಸಿಕ್ಕಿ ಹಡಗಿನಲ್ಲಿ ಬಂದವರಂತೆ ಅಂತ. ನೀನು ಅವಳೆದುರೇ, ‘ಹಾಗಾದ್ರೆ ಇದು ಕಳ್ಳರ ಊರು’ ಅಂದು ನಕ್ಕೆಯಂತೆ. ಆ ಮಾತು ನನ್ನನ್ನು ಎರಡು ದಿನದಿಂದ ಕೊರೆಯುತ್ತಿದೆ.

ಜಾನ್ ಹಡ್ಸನ್ ಅಂತ ಒಬ್ಬ ಹುಡುಗನಿದ್ದ. ಹೊಗೆಗೂಡಿನ ಮಸಿ ಗುಡಿಸುವ ಕೆಲಸ. 1783ರಲ್ಲಿ ಅವನನ್ನು ಲಂಡನ್ನಿನ ಓಲ್ಡ್ ಬೈಲಿ ಕೋರ್ಟಿಗೆ ತಂದರು. ಕದ್ದದ್ದು ಒಂದು ಅಂಗಿ, ಐದು ರೇಷ್ಮೆ ಕಾಲುಚೀಲ, ಎರಡು ಏಪ್ರನ್, ಒಂದು ಪಿಸ್ತೂಲು. ವಯಸ್ಸು ಒಂಬತ್ತು. ಅಪ್ಪ ಅಮ್ಮ ಇದ್ದಾರಾ ಅಂತ ಕೇಳಿದರೆ, ಸತ್ತುಹೋದರು ಅಂದ. ಏಳು ವರ್ಷ ಗಡಿಪಾರು ಶಿಕ್ಷೆ ಕೊಟ್ಟರು. ಪುಟ್ಟಿ, ಆ ವಯಸ್ಸಿನಲ್ಲಿ ನೀನು ಕತ್ತಲಾದ ಮೇಲೆ ಹಿತ್ತಲಿಗೆ ಹೋಗಲೂ ನನ್ನ ಕೈ ಹಿಡಿಯುತ್ತಿದ್ದೆ.

ಮೊದಲು ಇಂಥವರನ್ನು ಅಮೆರಿಕಕ್ಕೆ ಕಳಿಸುತ್ತಿದ್ದರು. ಅಲ್ಲಿ ಯುದ್ಧವಾಗಿ ಆ ದಾರಿ ಮುಚ್ಚಿತು. ಜೈಲುಗಳು ತುಂಬಿದವು, ಹಳೇ ಹಡಗುಗಳೇ ಜೈಲಾದವು. 1787ರ ಮೇ ತಿಂಗಳಲ್ಲಿ 11 ಹಡಗುಗಳು ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಿಂದ ಆಸ್ಟ್ರೇಲಿಯಾಕ್ಕೆ ಹೊರಟಾಗ ಆ ಹುಡುಗನೂ ಒಂದರಲ್ಲಿದ್ದ. ಮೇರಿ ವೇಡ್ ಅನ್ನುವ ಹುಡುಗಿಯದು ಇನ್ನೂ ಕಷ್ಟದ ಕಥೆ. ತನಗಿಂತ ಚಿಕ್ಕವಳ ಬಟ್ಟೆ ಕಿತ್ತುಕೊಂಡದ್ದಕ್ಕೆ 1789ರಲ್ಲಿ ಗಲ್ಲು ಶಿಕ್ಷೆ ಆಯಿತು. ಆಮೇಲೆ ಅದನ್ನು ಗಡಿಪಾರಿಗೆ ಇಳಿಸಿದರು. 1868ರವರೆಗೆ ಹೀಗೆ ಸುಮಾರು 1,62,000 ಜನರನ್ನು ಸಾಗಿಸಿದರು. ಜಾಸ್ತಿ ಜನರದ್ದು ಕಳ್ಳತನದ ಕೇಸೇ.

ಕದ್ದದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಬಟ್ಟೆ ಕಳಕೊಂಡ ಆ ಮಗುವೂ ಅತ್ತಿರುತ್ತದೆ, ಅಲ್ವಾ? ಆದರೆ ಅಂಗಿ ಕದ್ದವನಿಗೆ ಶಿಕ್ಷೆ ಕೊಟ್ಟ ಸರ್ಕಾರವೇ ಸಿಡ್ನಿಯ ಮೂಲನಿವಾಸಿಗಳಾದ ಗ್ಯಾಡಿಗಲ್ ಜನರ ನೆಲವನ್ನು ಕೇಳದೆ ಕಿತ್ತುಕೊಂಡಿತು. ಅದಕ್ಕೆ ಯಾವ ಕೋರ್ಟೂ ಕೂರಲಿಲ್ಲ. ಕಳ್ಳ ಅನ್ನುವ ಹೆಸರು ಯಾರ ಮೇಲೆ ಸುಲಭವಾಗಿ ಕೂರುತ್ತದೆ ಅನ್ನುವುದನ್ನು ನೀನು ಯೋಚಿಸಬೇಕು.

ನಿನ್ನ ಪರ್ಸಿನಲ್ಲಿ 20 ಡಾಲರ್ ನೋಟಿದ್ದರೆ ತೆಗೆದು ನೋಡು. ಅದರಲ್ಲಿರುವ ಹೆಂಗಸು ಮೇರಿ ರೀಬಿ. ಹುಡುಗನ ವೇಷ ಹಾಕಿ ಓಡಾಡುತ್ತಿದ್ದಾಗ, ಕುದುರೆ ಕದ್ದಳೆಂದು ಹಿಡಿದರು. ಆಗ ಅವಳಿಗೆ ಹದಿಮೂರು ದಾಟಿತ್ತಷ್ಟೆ. 1792ರಲ್ಲಿ ಸಿಡ್ನಿಗೆ ಬಂದಳು. ಗಂಡ ತೀರಿಕೊಂಡ ಮೇಲೆ ಮಕ್ಕಳನ್ನೂ ಹಡಗಿನ ವ್ಯಾಪಾರವನ್ನೂ ಒಬ್ಬಳೇ ನೋಡಿಕೊಂಡಳು.

ರಜೆಗೆ ಟಾಸ್ಮೇನಿಯಾಕ್ಕೆ ಹೋಗುತ್ತೇನೆ ಅಂದೆಯಲ್ಲ. ಅಲ್ಲಿ ಕೈದಿಗಳನ್ನು ಇಡುತ್ತಿದ್ದ ಪೋರ್ಟ್ ಆರ್ಥರ್ ಎದುರಿಗೇ ಪಾಯಿಂಟ್ ಪ್ಯೂರ್ ಅನ್ನುವ ಜಾಗ ಇದೆ. 1834ರಿಂದ 1849ರವರೆಗೆ ಅದು ಹುಡುಗರಿಗೆಂದೇ ಇದ್ದ ಜೈಲು. ಚಪ್ಪಲಿ ಹೊಲಿಯುವುದು, ಮರಗೆಲಸ, ಕಲ್ಲು ಕೆತ್ತುವುದು ಕಲಿಸುತ್ತಿದ್ದರು, ಹೊಡೆಯುತ್ತಲೂ ಇದ್ದರು. ಸುಮ್ನೆ ಫೋಟೋ ತೆಗೆದು ಬರಬೇಡ, ಸ್ವಲ್ಪ ಹೊತ್ತು ನಿಂತು ಬಾ.

ಅದಕ್ಕೂ ಮೊದಲು ಸೋಮವಾರ ಆ ಗೆಳತಿಯ ಜೊತೆ ಕಾಫಿಗೆ ಕೂರು. ನಕ್ಕಿದ್ದು ತಪ್ಪಾಯಿತು ಅನ್ನು. ಅವಳ ಆ ಅಜ್ಜಿಯ ಹೆಸರೇನು, ಏನು ಕದ್ದಿದ್ದಳು, ಹಡಗು ಹತ್ತುವಾಗ ಎಷ್ಟು ವಯಸ್ಸು ಅಂತ ಕೇಳು. ಕೇಳಿ ನನಗೂ ಬರಿ.

ನಿನ್ನ ದೊಡ್ಡಪ್ಪ